ಅಡುಗೆಮನೆಯ ಹೊಸ್ತಿಲು ದಾಟಿದ ಪರೀಕ್ಷಕರು

ಪುಣೆ ಭಾಗದಲ್ಲಿ ಸಾವಯವ ಆಹಾರದ ಪ್ರಮಾಣೀಕರಣ ಬೇರೂರಿದ ಬಗೆಯನ್ನು ಯಾರಾದರೂ ಮುಂದೊಮ್ಮೆ ಬರೆಯಲು ಕುಳಿತರೆ, ಶ್ರೀ ಮಹಾಲಿಂಗ ಕೌಲಗಿಯವರ ಹೆಸರು ಮೊದಲ ಪುಟದಲ್ಲೇ ಬರಬೇಕು. ಬರುತ್ತದೆಯೋ ಇಲ್ಲವೋ ಹೇಳುವುದು ಕಷ್ಟ. ಅಂಥ ಪುಸ್ತಕಗಳಲ್ಲಿ ಎಲ್ಲವೂ ಗೊತ್ತಿದೆ ಎಂದವರ ಹೆಸರು ಬರುವುದೇ ಹೆಚ್ಚು. ಕೌಲಗಿಯವರಾದರೋ ತಮ್ಮ ಸೇವಾವಧಿಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು "ನನಗ ತಿಳೀವಲ್ದ್ರಿ" ಎಂಬುದು. ಇಂದು ಈ ವೃತ್ತಿಯಲ್ಲಿರುವ ಎಳೆಯ ಪರೀಕ್ಷಕರು ಒಂದು ನಿಯಮ ಇನ್ನೊಂದಕ್ಕೆ ಅಡ್ಡವಾಗಿ ನಿಂತಾಗ ದಾರಿ ಕಾಣದೆ ಅವರ ಮನೆಗೆ ಹೋಗುತ್ತಾರೆ. ಅಲ್ಲಿಯೂ ಮೊದಲು ಸಿಗುವುದು ಅದೇ ಉತ್ತರ. ಆಮೇಲೆ ಚಹಾ ಬರುತ್ತದೆ, ಆಮೇಲೆ "ಬರ್ರಿ, ಇಬ್ಬರೂ ಕೂಡಿ ನೋಡೂಣು" ಎಂಬ ಮಾತು ಬರುತ್ತದೆ. ಎದ್ದು ಬರುವಾಗ ಉತ್ತರ ಸಿಕ್ಕಿರದಿದ್ದರೂ ಪ್ರಶ್ನೆಯಂತೂ ಸರಿಯಾಗಿರುತ್ತದೆ. ಅರವತ್ತು ತುಂಬಿ ಈಗ ನಿವೃತ್ತರಾದ ಅವರನ್ನು ಅಭಿನಂದಿಸುವ ಈ ಗ್ರಂಥದಲ್ಲಿ ಅವರ ಪಾಂಡಿತ್ಯವನ್ನು ಬಲ್ಲವರು ಬರೆದಿದ್ದಾರೆ. ಅವರ ಗೊಂದಲವನ್ನು ಹತ್ತಿರದಿಂದ ಕಂಡವಳಾಗಿ, ಮನೆಗೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ, ಅದರ ಕುರಿತೇ ನಾಲ್ಕು ಮಾತು ಬರೆಯುತ್ತಿದ್ದೇನೆ.

ಜಮಖಂಡಿ ಕಡೆಯ ಒಂದು ಹಳ್ಳಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಕೃಷಿ ಪದವಿ ಪಡೆದ ಕೌಲಗಿಯವರು ಪುಣೆಗೆ ಬಂದದ್ದು ಮಣ್ಣು ಪರೀಕ್ಷೆಯ ಪ್ರಯೋಗಾಲಯದ ಕೆಲಸಕ್ಕೆಂದು. ಒಂದೂವರೆ ದಶಕ ಅಲ್ಲಿ ದುಡಿದ ಮೇಲೆ, ೧೯೯೪ರಲ್ಲಿ, 'ಭೂಸಾಕ್ಷಿ' ಎಂಬ ಆಗಷ್ಟೇ ಕಣ್ಣು ಬಿಟ್ಟ ಪ್ರಮಾಣನ ಸಂಸ್ಥೆಗೆ ಸೇರಿದರು. ಸ್ವಾರಗೇಟ ಬಸ್ ನಿಲ್ದಾಣದ ಹಿಂದೆ, ಟಾಯರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅದರ ಕಚೇರಿ. ಅಲ್ಲಿ ವರದಿಗಳನ್ನು ಟೈಪ್ ಮಾಡುತ್ತಿದ್ದ ನನಗೆ ಹೆರಿಗೆಯ ರಜೆ ಮುಗಿದಾಗ ಕೂಸನ್ನು ಎಲ್ಲಿ ಬಿಡುವುದೆಂದು ತೋಚಿರಲಿಲ್ಲ. ಮಣ್ಣಿನ ಮಾದರಿಗಳ ರ‍್ಯಾಕಿಗೂ ಕಿಟಕಿಯ ಸರಳಿಗೂ ನಡುವೆ ತಮ್ಮ ಕೈಯಾರೆ ಜೋಲಿ ಕಟ್ಟಿಕೊಟ್ಟವರು ಕೌಲಗಿಯವರು. "ಮಣ್ಣಿನ ವಾಸನಿ ಹಿಡೀಲಿ ಬಿಡ್ರಿ, ಮುಂದ ಉಪಯೋಗಕ್ಕ ಬರ್ತದ" ಎಂದಿದ್ದರು. ನನ್ನ ಮಗಳ ಮೊದಲ ಎರಡು ವರ್ಷದ ಹಗಲು ನಿದ್ದೆ ಆ ಜೋಲಿಯಲ್ಲೇ ಕಳೆಯಿತು.

ಆಗ ನಮ್ಮ ದೇಶದಲ್ಲಿ ಸಾವಯವಕ್ಕೆ ನಮ್ಮದೇ ಆದ ಮಾನದಂಡ ಇರಲಿಲ್ಲ. ಪರದೇಶದ ಸಂಸ್ಥೆಗಳು ತಮ್ಮ ಪುಸ್ತಕ ಹಿಡಿದು ತಮ್ಮ ಪರೀಕ್ಷಕರನ್ನು ಕಳಿಸುತ್ತಿದ್ದವು. ಅವರೊಡನೆ ಊರೂರು ತಿರುಗಿ ಎರಡೂ ಕಡೆಯ ಮಾತನ್ನು ದಾಟಿಸುವುದು ಕೌಲಗಿಯವರ ಕೆಲಸವಾಗಿತ್ತು. ಪುರಂದರ ತಾಲೂಕಿನ ಅಂಜೂರದ ತೋಟವೊಂದರಲ್ಲಿ ಪರದೇಶದಿಂದ ಬಂದ ಅತಿಥಿ, "ನಿಮ್ಮ ಹೊಲ ಎಲ್ಲಿ ಮುಗಿದು ಪಕ್ಕದವರದು ಎಲ್ಲಿ ಶುರುವಾಗುತ್ತದೆ?" ಎಂದು ಕೌಲಗಿಯವರ ಬಾಯಿಂದ ಕೇಳಿಸಿದರು. ಪಕ್ಕದವರು ಹೊಡೆದ ಔಷಧ ಗಾಳಿಯಲ್ಲಿ ತೇಲಿಬರುತ್ತದೆಯೇ ಎಂಬುದಷ್ಟೇ ಅವರ ಕಾಳಜಿ. ತೋಟದ ಯಜಮಾನ ಮಾತ್ರ ಕೆಂಡವಾಗಿ, "ಅದು ಕೋರ್ಟಿನಲ್ಲಿದೆ, ಅಣ್ಣ ಕಳಿಸಿದನೇನು ನಿಮ್ಮನ್ನು?" ಎಂದು ಕೊಡಲಿ ಹುಡುಕತೊಡಗಿದ. ಅಂದು ಸಂಜೆ ಕಚೇರಿಗೆ ಬಂದ ಕೌಲಗಿಯವರು, "ಪ್ರಶ್ನೆ ಅವರದ ಖರೆ ಇತ್ತು, ಸಿಟ್ಟು ಇವನದೂ ಖರೆ ಇತ್ತು. ನಡುವ ನಾ ಏನ್ ಅಂತನ ತಿಳೀಲಿಲ್ಲ" ಎಂದರು.

ಪರೀಕ್ಷಕರ ನಡತೆಯ ನಿಯಮಗಳಲ್ಲಿ ಒಂದನ್ನು ಮಾತ್ರ ಅವರು ಎಂದೂ ಗೊಂದಲವಿಲ್ಲದೆ ಪಾಲಿಸಿದರು. ಪರೀಕ್ಷೆಗೆ ಹೋದ ಮನೆಯಲ್ಲಿ ನೀರು, ಚಹಾ ಬಿಟ್ಟು ಬೇರೇನನ್ನೂ ಸ್ವೀಕರಿಸಬಾರದು ಎಂಬುದು ಆ ನಿಯಮ. ನಮ್ಮ ಹಳ್ಳಿಗಳಲ್ಲಿ ಇದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಒಳಗೆ ಹೋಗಿ ಕುಳಿತರೆ ತಾಟು ಬರುತ್ತದೆ, ತಾಟು ಇಟ್ಟ ತಾಯಿಗೆ ಒಲ್ಲೆನೆಂದು ಹೇಳಲು ಅವರಿಗೆ ಬಾಯಿ ಬಾರದು. ಆದ್ದರಿಂದ ಅವರು ಒಳಗೆ ಹೋಗುವುದನ್ನೇ ಬಿಟ್ಟರು. ಹೊಲ ನೋಡುತ್ತಿದ್ದರು, ಗೊಬ್ಬರದ ಗುಂಡಿ ನೋಡುತ್ತಿದ್ದರು, ಗೋದಾಮಿಗೆ ಹೋಗಿ ಚೀಲ ಎಣಿಸುತ್ತಿದ್ದರು. ಮನೆಯ ಕಟ್ಟೆಯ ಮೇಲೆ ಕುಳಿತು ಯಜಮಾನನೊಡನೆ ಮಾತು ಮುಗಿಸುತ್ತಿದ್ದರು. ಬುತ್ತಿಯ ರೊಟ್ಟಿಯನ್ನು ಎಸ್ಟಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಿಚ್ಚುತ್ತಿದ್ದರು. ಅವರ ಪ್ರಾಮಾಣಿಕತೆಯನ್ನು ಕಂಡು ನಾವೆಲ್ಲ ತಲೆದೂಗಿದ್ದೆವು. ಅದೇ ಪ್ರಾಮಾಣಿಕತೆ ಒಂದು ದಿನ ಅವರನ್ನು ಇಕ್ಕಟ್ಟಿಗೆ ತಳ್ಳುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ರಾಂಜಣಗಾಂವದ ಕಾರ್ಖಾನೆಗಳ ಸಾಲು ದಾಟಿದ ಮೇಲೆ ಸಿಗುವ ಒಂದು ಹಳ್ಳಿಯಲ್ಲಿ ಸಣ್ಣ ಹಿಡುವಳಿದಾರರು ಕೂಡಿ ಗುಂಪು ಕಟ್ಟಿಕೊಂಡು ಬಿಳಿಜೋಳ ಬೆಳೆಯುತ್ತಿದ್ದರು. ಒಬ್ಬೊಬ್ಬರೇ ಪ್ರಮಾಣಪತ್ರ ಪಡೆಯುವ ಶಕ್ತಿ ಅವರಿಗಿರಲಿಲ್ಲವಾದ್ದರಿಂದ ಇಡೀ ಗುಂಪಿಗೆ ಒಂದೇ ಪತ್ರ. ಒಬ್ಬರು ತಪ್ಪಿದರೆ ಎಲ್ಲರೂ ತಪ್ಪಿದಂತೆ. ಸಂಜು ಗವ್ಹಾಣೆ ಎಂಬ ತರುಣ ರೈತ ಆ ಗುಂಪಿನ ಮುಖಂಡ. ರಾಸಾಯನಿಕ ಬಿಟ್ಟು ಮೂರು ವರ್ಷದ ಪರಿವರ್ತನೆಯ ಅವಧಿ ಮುಗಿಸಿ, ಇಳುವರಿ ಕುಸಿದಾಗಲೂ ಹಲ್ಲು ಕಚ್ಚಿ ಹಿಡಿದು, ೨೦೦೨ರಲ್ಲಿ ಅವರು ಮೊದಲ ಬಾರಿಗೆ ಸಾವಯವ ಎಂಬ ಮುದ್ರೆಯೊಡನೆ ಜೋಳ ಮಾರಲಿದ್ದರು. ಮುಂಬೈಯ ಒಂದು ಕಂಪನಿ ಅದನ್ನು ಕೊಳ್ಳಲು ಒಪ್ಪಿತ್ತು. ಕೂಸುಗಳಿಗೆ ಗಂಜಿಹಿಟ್ಟು ಮಾಡುವ ಕಂಪನಿ ಅದು.

ಗುಂಪಿನ ಗೋದಾಮನ್ನು ಕಾಯುತ್ತಿದ್ದವರು ನಮ್ಮ ಇಂಡಿ ಕಡೆಯ ದಂಪತಿ, ಭೀಮವ್ವ ಮತ್ತು ಅಂಬಣ್ಣ. ಕಾರ್ಖಾನೆ ಕಟ್ಟುವಾಗ ಗಾರೆ ಕೆಲಸಕ್ಕೆಂದು ಬಂದವರು. ಕಟ್ಟಡ ಮುಗಿದ ಮೇಲೆ ಅಂಬಣ್ಣ ಚೀಲ ಹೊರುವ ಕೆಲಸಕ್ಕೂ ಭೀಮವ್ವ ಗೋದಾಮು ಗುಡಿಸಿ ಕಾಯುವ ಕೆಲಸಕ್ಕೂ ನಿಂತಿದ್ದರು. ಗೋದಾಮಿಗೆ ಹತ್ತಿದ ತಗಡಿನ ಕೋಣೆಯೇ ಅವರ ಮನೆ. ಮರಾಠಿಯ ನಡುವೆ ತನ್ನ ಮಾತಾಡುವ ಸಾಹೇಬರೊಬ್ಬರು ಸಿಕ್ಕರೆಂದು ಭೀಮವ್ವನಿಗೆ ಕೌಲಗಿಯವರ ಮೇಲೆ ಎಲ್ಲಿಲ್ಲದ ಅಕ್ಕರೆ. ಅವರು ಬಂದಾಗಲೆಲ್ಲ ರೊಟ್ಟಿ ಬಡಿದು ಕರೆಯುವಳು, ಅವರು ಬೇಡವೆನ್ನುವರು.

"ಒಳಗ ಬಾರೋ ತಮ್ಮಾ, ಬಿಸಿ ರೊಟ್ಟಿ ಅದ, ಶೇಂಗಾ ಹಿಂಡಿ ಅದ."

"ಬ್ಯಾಡಬೇ ಅಕ್ಕಾ. ನೀರಷ್ಟ ಕೊಡು."

"ಪ್ರತೀಸಲಾ ನೀರು, ನೀರು! ನನ್ನ ರೊಟ್ಟಿಗೂ ಔಷಧ ಹೊಡದೀನಿ ಅಂತ ಸಂಶೇನೇನು ನಿನಗ?"

ಮೃಗಶಿರೆಯ ಮೊದಲ ಮಳೆ ಬಿದ್ದಿತ್ತು. ಚೀಲಗಳು ಮುಂಬೈಗೆ ಹೊರಡುವ ಮೊದಲಿನ ಕೊನೆಯ ಪರೀಕ್ಷೆ ಅಂದು. ಹೊಲಗಳು ಶುದ್ಧವಾಗಿದ್ದವು, ಲೆಕ್ಕ ಸರಿಯಿತ್ತು, ಗೋದಾಮು ಒಣಗಿತ್ತು. ಕೌಲಗಿಯವರು ಹೊರಗೆ ಬಂದು ತಗಡಿನ ಕೋಣೆಯ ಮುಂದೆ ನಿಂತು ನೀರು ಕೇಳಿದರು. ಭೀಮವ್ವ ತಂಬಿಗೆ ಕೊಡುತ್ತ ಕೇಳಿದಳು:

"ಈ ಜ್ವಾಳ ಎಲ್ಲಿಗಿ ಹೊಂಟದೋ ತಮ್ಮಾ?"

"ಮುಂಬೈಕ. ಕೂಸುಗೋಳ ಗಂಜಿಹಿಟ್ಟು ಮಾಡ್ತಾರಂತ."

"ಹಂಗಾರ ಭಾಳ ಛಲೋ ಆತು. ನುಸಿ ಚಿಂತಿ ಬಿಡು. ಮಳಿ ಹತ್ತೂದ್ರಾಗ ನಾ ಗುಳಿಗಿ ಹಾಕೀನಿ."

ಕೌಲಗಿಯವರ ಬಾಯಿಯ ಬಳಿ ಹೋದ ತಂಬಿಗೆ ಅಲ್ಲೇ ನಿಂತಿತು. "ಯಾವ ಗುಳಿಗಿ ಬೇ?"

"ಪಾರದ ಗುಳಿಗಿನೋ, ಮತ್ಯಾವದು? ಇವರನ್ನ ಕೇಳಿದ್ರ ಇವತ್ತ ತರ್ತೀವಿ ನಾಳಿ ತರ್ತೀವಿ ಅಂತಾರ. ನಾನ ಸಂತಿಗೆ ಹೋಗಿ ತಂದೆ. ಕೂಸುಗೋಳಿಗೆ ಅಂತ ಮೊದಲ ಹೇಳಿದ್ರ ಚೀಲಕ್ಕ ಇನ್ನೆರಡು ಹೆಚ್ಚಿಗಿ ಹಾಕ್ತಿದ್ನಿ."

ಮನೆ ನಡೆಸುವ ನಮ್ಮ ಕಡೆಯ ಹೆಂಗಸರಿಗೆ ಈ ಗುಳಿಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೂದುಬಣ್ಣದ, ಪಾದರಸ ಬೆರೆಸಿದ ಚಿಕ್ಕ ಗುಳಿಗೆಗಳು; ಕಿರಾಣಿ ಅಂಗಡಿಯಲ್ಲೇ ಸಿಗುತ್ತವೆ. ವರ್ಷಕ್ಕಾಗುವ ಗೋಧಿ, ಜೋಳ ತುಂಬಿಡುವಾಗ ಅತ್ತೆ ಹಾಕಿದ್ದನ್ನು ಸೊಸೆ ಹಾಕುತ್ತಾಳೆ, ಬೀಸಲು ಕೊಡುವ ಮೊದಲು ಆರಿಸಿ ತೆಗೆಯುತ್ತಾಳೆ. ಅದು ವಿಷವೆಂದು ಯಾರಿಗೂ ಅನಿಸುವುದಿಲ್ಲ. ವಿಷವೆಂದರೆ ಹೊಲಕ್ಕೆ ಗಂಡಸರು ಹೊಡೆಯುವುದು. ಇದು ಮನೆಯಲ್ಲಿ ಹೆಂಗಸರು ಕಾಳಜಿಯಿಂದ ಹಾಕುವುದು. ಭೀಮವ್ವ ತಂದ ಗುಳಿಗೆ ತೀರುವ ತನಕ ಒಂದೊಂದೇ ಚೀಲದ ಬಾಯಿ ಬಿಚ್ಚಿ ಹಾಕಿ, ತನ್ನ ಹಳೆಯ ಸೀರೆಯ ಅಂಚಿನಿಂದ ಎಳೆದ ಕೆಂಪು ದಾರದಲ್ಲಿ ಮತ್ತೆ ಹೊಲಿದಿದ್ದಳು.

ಸುದ್ದಿ ಕೇಳಿ ಓಡಿಬಂದ ಸಂಜು ಮೊದಲು ನಕ್ಕ, ಆಮೇಲೆ ಕೌಲಗಿಯವರ ಮುಖ ನೋಡಿ ನಗು ನಿಲ್ಲಿಸಿದ. "ಸಾಹೇಬ, ಅದು ಆಯುರ್ವೇದಿಕ. ಡಬ್ಬಿಯ ಮೇಲೇ ಬರೆದಿರುತ್ತದೆ" ಎಂದು ಮರಾಠಿಯಲ್ಲಿ ವಾದಿಸಿದ. "ಇಡೀ ಪುಣೆ ಇದನ್ನೇ ಹಾಕಿದ ಗೋಧಿ ತಿನ್ನುತ್ತದೆ. ನಿಮ್ಮ ಮನೆಯಲ್ಲಿ ಹಾಕುವುದಿಲ್ಲವೇ?"

"ಇಲ್ಲ" ಎಂದರು ಕೌಲಗಿಯವರು.

ಹೇಳಿದ ಮೇಲೆ, ಅದು ನಿಜವೋ ಸುಳ್ಳೋ ತಮಗೇ ಗೊತ್ತಿಲ್ಲವೆಂದು ಅವರಿಗೆ ಹೊಳೆಯಿತು. ಚೀಲಗಳು ಅಲುಗಬಾರದೆಂದು ಬರೆದು ಗೋದಾಮಿಗೆ ಬೀಗ ಹಾಕಿಸಿ ಅವರು ಎಸ್ಟಿ ಹತ್ತಿದರು. ಆಗ ಹಡಪಸರದ ಅವರ ಮನೆಯ ಸುತ್ತ ಕಬ್ಬಿನ ಗದ್ದೆಗಳು ಕರಗಿ ಮಗರಪಟ್ಟಾ ಎಂಬ ಹೊಸ ಬಡಾವಣೆಯ ಗೋಪುರಗಳು ಏಳುತ್ತಿದ್ದವು. ಅಂದು ಸಂಜೆ ಅವರು ಚಪ್ಪಲಿ ಬಿಟ್ಟವರೇ ನೇರವಾಗಿ ಅಡುಗೆಮನೆಗೆ ಹೋಗಿ ಗೋಧಿಯ ಡಬ್ಬಿಯ ಮುಚ್ಚಳ ತೆಗೆದು, ಮೊಳಕೈ ತನಕ ಕೈ ಹಾಕಿದರು. ತಳದಲ್ಲಿ ಅರಿವೆಯ ಸಣ್ಣ ಗಂಟೊಂದು ಕೈಗೆ ತಾಗಿತು. ಗಂಟಿನಲ್ಲಿ ಗುಳಿಗೆಗಳಿದ್ದವು.

"ಇದನ್ನ ಯಾವಾಗಿಂದ ಹಾಕ್ತಿ?" ಎಂದು ಪತ್ನಿ ಭುವನೇಶ್ವರಿಯವರನ್ನು ಕೇಳಿದರು.

"ನಿಮ್ಮವ್ವ ತೋರಿಸಿಕೊಟ್ಟಾಗಿಂದ." ಭುವನೇಶ್ವರಿಯವರು ಕಣಕ ನಾದುವುದನ್ನು ನಿಲ್ಲಿಸಲಿಲ್ಲ. "ಎಂಟು ವರ್ಷ ಆತು ಊರ ಮಂದಿ ಕಾಳು ನೋಡ್ಲಿಕ್ಕ ಹೋಗ್ತೀರಿ. ಮನ್ಯಾಗಿನ ಡಬ್ಬಿ ಮುಚ್ಚಳ ತಗದದ್ದು ಇವತ್ತ ಮೊದಲು. ಏನ್ರಿ, ನನಗೂ ಸರ್ಟಿಫಿಕೇಟ್ ಕೊಡವ್ರೇನು?"

ಅಂದಿನ ಚಪಾತಿಯನ್ನು ಉಣ್ಣಬೇಕೋ ಬಿಡಬೇಕೋ ತಿಳಿಯದೆ ತಾಟಿನ ಮುಂದೆ ಕುಳಿತೇ ಇದ್ದೆನೆಂದು ಅವರು ನಮ್ಮೊಡನೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಕೊನೆಗೆ ಉಂಡರಂತೆ.

ಮರುದಿನದ ಸಭೆ ಇವತ್ತಿಗೂ ಕಣ್ಣ ಮುಂದಿದೆ. ಸಂಸ್ಥೆಯ ಮುಖ್ಯಸ್ಥೆ ನೀತಾ ಬಾಪಟರ ಮೇಜಿನ ಮೇಲೆ ಮೂರು ಪುಸ್ತಕಗಳಿದ್ದವು. ನಾವು ಮೊದಲಿನಿಂದ ಅನುಸರಿಸುತ್ತಿದ್ದ ಪರದೇಶದ ಹಳೆಯ ಮಾನದಂಡದ ಪ್ರಕಾರ ನಿಷೇಧಿತ ವಸ್ತು ಬಳಸಿದ ಗುಂಪು ಹೊರಗೆ ಹೋಗಬೇಕು, ಮತ್ತೆ ಮೂರು ವರ್ಷ ಮೊದಲಿನಿಂದ ಶುರುಮಾಡಬೇಕು. ಕೊಳ್ಳುವ ಕಂಪನಿಯ ಷರತ್ತಿನ ಪ್ರಕಾರ ಕೆಟ್ಟ ಚೀಲ ಮಾತ್ರ ಹೊರಗೆ ಹೋದರೆ ಸಾಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾನದಂಡ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಇಂಥ ಪ್ರಸಂಗಕ್ಕೆ ಅದನ್ನು ಹೇಗೆ ಹೊಂದಿಸಬೇಕೆಂದು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಿದ್ದರು. ಹೊಲದಲ್ಲಿ ಮೂರು ವರ್ಷ ಒಂದು ಹನಿ ಔಷಧ ಬಿದ್ದಿಲ್ಲ. ಕಾಳಿನಲ್ಲಿ ಪಾದರಸವಿದೆ. ಹಾಕಿದವಳು ಗುಂಪಿನ ಸದಸ್ಯೆಯಲ್ಲ, ಆದರೆ ಗುಂಪಿನ ಆಳು. ಅವಳಿಗೆ ಯಾರೂ ಹಾಕೆಂದು ಹೇಳಿಲ್ಲ, ಹಾಕಬೇಡವೆಂದೂ ಹೇಳಿಲ್ಲ.

ನೀತಾ ಬಾಪಟರು ಬೇಸತ್ತು, "ಕೌಲಗಿ, ನೀವು ಪರೀಕ್ಷಕರು. ಗುಂಪನ್ನು ಉಳಿಸಬೇಕೋ ತೆಗೆಯಬೇಕೋ, ಒಂದು ಮಾತಿನಲ್ಲಿ ಹೇಳಿ" ಎಂದರು.

"ತಿಳೀವಲ್ದ್ರಿ ಮೇಡಂ."

"ಅದನ್ನು ನಿರ್ಣಯದಲ್ಲಿ ಬರೆಯಲು ಬರುವುದಿಲ್ಲ."

"ಯಾಕ ತಿಳೀವಲ್ದು ಅನ್ನೂದನ್ನಾರ ಬರೀಬೇಕಲ್ರಿ?" ಎಂದರು ಕೌಲಗಿಯವರು. ಅವರು ಎಂದೂ ದನಿ ಎತ್ತಿದವರಲ್ಲ, ಅಂದೂ ಎತ್ತಲಿಲ್ಲ. "ಎಂಟು ವರ್ಷದಿಂದ ನಾ ಹೊಲದಾಗ ಗಂಡಸರನ್ನ ಕೇಳ್ಕೋತ ಬಂದೀನಿ. ಕಾಳು ಮನಿಗೆ ಬಂದಮ್ಯಾಲ ಅದು ಹೆಣ್ಣುಮಕ್ಕಳ ಕೈಯಾಗ ಇರ್ತದ. ಅವರನ್ನ ಒಂದು ಮಾತೂ ಕೇಳಿಲ್ಲ. ಒಳಗ ಹೋದ್ರ ಉಣ್ಣಬೇಕಾಗ್ತದ ಅಂತ ಒಳಗ ಹೋಗೂದ ಬಿಟ್ಟೆ. ಆಕಿ ಮುಚ್ಚಿಟ್ಟಿಲ್ರಿ, ನಾ ಕೇಳಿಲ್ಲ. ಈಗ ಶಿಕ್ಷಾ ಯಾರಿಗಂತ ಬರೀಲಿ?"

ಕೂಸುಗಳ ಬಾಯಿಗೆ ಹೋಗುವ ಕಾಳಿನಲ್ಲಿ ಒಂದು ಕಣದಷ್ಟೂ ಸಂಶಯ ಇರಕೂಡದು ಎಂಬಲ್ಲಿ ಎಲ್ಲರಿಗೂ ಒಮ್ಮತವಿತ್ತು. ಊರ ಅರ್ಧ ಮನೆಗಳ ಮೂರು ವರ್ಷದ ಶ್ರಮವನ್ನು ಒಬ್ಬಳ ಕಾಳಜಿಗಾಗಿ ಅಳಿಸಿಹಾಕಬೇಕೇ ಎಂಬಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಕೊನೆಗೆ ನೀತಾ ಬಾಪಟರು ಪತ್ರವನ್ನು ರದ್ದು ಮಾಡದೆ ತಡೆಹಿಡಿದರು. ಒಂದೊಂದು ಚೀಲವನ್ನೂ ಬಿಚ್ಚಿ ನೋಡಿ, ಪ್ರಯೋಗಾಲಯಕ್ಕೆ ಮಾದರಿ ಕಳಿಸಿ, ಶುದ್ಧವಾದದ್ದನ್ನು ಬೇರೆ ಮಾಡಲು ಸಾಧ್ಯವೆಂದು ಕೌಲಗಿಯವರು ತೋರಿಸಿಕೊಟ್ಟರೆ ಗುಂಪು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಅವರು ಮತ್ತೆ ಹಳ್ಳಿಗೆ ಹೋದಾಗ ತಗಡಿನ ಕೋಣೆಯ ಮುಂದೆ ಟ್ರಂಕು, ಹಾಸಿಗೆ, ಪಾತ್ರೆಗಳು ಹೊರಗೆ ಬಂದಿದ್ದವು. ಗುಂಪಿನವರು ಭೀಮವ್ವನನ್ನೂ ಅಂಬಣ್ಣನನ್ನೂ ಬಿಟ್ಟುಹೋಗಲು ಹೇಳಿದ್ದರು. ಭೀಮವ್ವ ಟ್ರಂಕಿನ ಮೇಲೆ ಕುಳಿತಿದ್ದಳು. ಅವರನ್ನು ಕಂಡು ರೊಟ್ಟಿಗೆ ಕರೆಯಲಿಲ್ಲ.

"ನಾ ಏನ್ ಮಾಡಿನೋ ತಮ್ಮಾ? ಹುಳ ಬಿದ್ದ ಜ್ವಾಳ ಕೂಸುಗೋಳಿಗೆ ತಿನಸಬೇಕಾಗಿತ್ತೇನು?"

ಕೌಲಗಿಯವರು ಪಾದರಸ ಮೈಗೆ ಹೋದರೆ ಏನಾಗುತ್ತದೆಂದು ವಿವರಿಸತೊಡಗಿ, ಮೊಮ್ಮಕ್ಕಳಿಗೆಲ್ಲ ಅದೇ ಕಾಳಿನ ಗಂಜಿ ಕುಡಿಸಿ ಬೆಳೆಸಿದವಳ ಮುಖ ನೋಡಿ ನಡುವೆಯೇ ನಿಲ್ಲಿಸಿದರು. ಸಂಜುವಿನ ಕಡೆ ತಿರುಗಿ, ಯಾವ ಚೀಲಕ್ಕೆ ಗುಳಿಗೆ ಬಿದ್ದಿದೆ ಎಂದು ತೋರಿಸಬಲ್ಲವಳು ಇವಳೊಬ್ಬಳೇ, ಕಳಿಸಿಬಿಟ್ಟರೆ ಮುಗಿಯಿತು ಎಂದರು. ಟ್ರಂಕು ಒಳಗೆ ಹೋಯಿತು.

ಕೆಂಪು ದಾರದ ಚೀಲಗಳು ಒಂದು ಕಡೆಗೆ ಸರಿದವು. ಉಳಿದವುಗಳ ಯಂತ್ರದ ಹೊಲಿಗೆ ಹಾಗೇ ಇತ್ತು. ಆದರೂ ಭೀಮವ್ವನ ಮಾತನ್ನಷ್ಟೇ ನಂಬಿ ಸಹಿ ಮಾಡುವಂತಿರಲಿಲ್ಲ. ಅಷ್ಟು ಜೋಳವನ್ನು ಜರಡಿ ಹಿಡಿಯುವುದು ಗಂಡಸರ ಕೈಯಲ್ಲಿ ಆಗುವ ಕೆಲಸವೂ ಆಗಿರಲಿಲ್ಲ. ಹೀಗೆ ಅಂದು ಮೊದಲ ಬಾರಿಗೆ ಗುಂಪಿನ ಮನೆಗಳ ಹೆಂಗಸರು ಪರೀಕ್ಷೆಗೆ ಬಂದರು. ಗೋದಾಮಿನ ಮುಂದೆ ತಗಡಿನ ಚಪ್ಪರದ ಕೆಳಗೆ ತಾಡಪತ್ರಿ ಹಾಸಿ, ಮೊರ, ಜರಡಿ ಹಿಡಿದು ಸಾಲಾಗಿ ಕುಳಿತರು. ಹೊರಗೆ ಜಿಟಿಜಿಟಿ ಮಳೆ. ಸಾಹೇಬರು ಚೀಲ ಚೀಲಕ್ಕೂ ಅವರ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದರು.

ಮನೆಯಲ್ಲಿ ಕಾಳಿಗೆ ಏನು ಹಾಕುತ್ತೀರಿ ಎಂದು ಅವರು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರವೇ ಎಲ್ಲ ಕಡೆಯಿಂದ ಬಂತು. ಸಂಜುವಿನ ಅಜ್ಜಿ ಮಾತ್ರ ಮೊರ ಕೆಳಗಿಟ್ಟು, "ಮೊದಲು ನಿಮ್ಮ ಹೆಂಡತಿ ಏನು ಹಾಕುತ್ತಾಳೆ, ಅದನ್ನು ಹೇಳಿ ಸಾಹೇಬ" ಎಂದು ಮರಾಠಿಯಲ್ಲಿ ಛೇಡಿಸಿದಳು.

ಕೌಲಗಿಯವರು, "ಇದೇ ಗುಳಿಗೆ" ಎಂದರು. "ನಿನ್ನೆ ಮೊನ್ನೆಯ ತನಕ ನನಗೇ ಗೊತ್ತಿರಲಿಲ್ಲ."

ಚಪ್ಪರ ಹಾರಿಹೋಗುವಂತೆ ನಕ್ಕರಂತೆ ಹೆಂಗಸರು. ಭೀಮವ್ವನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಮಾತು ತಾನಾಗಿ ಹೊರಬಂತು. ಒಬ್ಬಳು ಬೋರಿಕ್ ಪುಡಿ ಎಂದಳು, ಒಬ್ಬಳು ಇದೇ ಗುಳಿಗೆ ಎಂದಳು, ಇನ್ನೊಬ್ಬಳು ಗಂಡನಿಗೆ ತಿಳಿಯದಂತೆ ಅಂಗಡಿಯಿಂದ ತಂದ ಹೆಸರಿಲ್ಲದ ಪುಡಿ ಎಂದಳು. ಬೇವಿನೆಲೆ, ಬೂದಿ, ಹರಳೆಣ್ಣೆ ಎಂದವರೂ ಇದ್ದರು. ಹಿಟ್ಟಿನ ಗಿರಣಿಗೂ ಸಂತೆಗೂ ಗೊತ್ತಿದ್ದ ಈ ಸಂಗತಿಗಳು ಎಂಟು ವರ್ಷದಲ್ಲಿ ನಮ್ಮ ಕಚೇರಿಯ ಒಂದು ವರದಿಯಲ್ಲೂ ಬಂದಿರಲಿಲ್ಲ. ಅವನ್ನೆಲ್ಲ ಟೈಪ್ ಮಾಡಿದವಳು ನಾನು. ನನ್ನ ಮನೆಯ ಡಬ್ಬಿಯಲ್ಲೂ ಅದೇ ಗಂಟು ಇತ್ತು. ಕೇಳದ್ದನ್ನು ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಯಂತ್ರದ ಹೊಲಿಗೆಯ ಚೀಲಗಳಲ್ಲಿ ಒಂದು ಗುಳಿಗೆಯೂ ಸಿಗಲಿಲ್ಲ. ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು. ಆ ಚೀಲಗಳು ಮುಂಬೈಗೆ ಹೋದವು, ಗುಂಪಿನ ಪತ್ರ ಉಳಿಯಿತು. ಭೀಮವ್ವನ ತಗಡಿನ ಕೋಣೆಯೂ ಉಳಿಯಿತು. ಅದಕ್ಕೆ ಬೇರೆ ನಿರ್ಣಯ ಬೇಕಾಗಲಿಲ್ಲ, ಜರಡಿ ಹಿಡಿದ ಹೆಂಗಸರೇ ಗಂಡಂದಿರಿಗೆ ಹೇಳಿಕೊಂಡರು. ಕೆಂಪು ದಾರದ ಚೀಲಗಳದು ಮಾತ್ರ ದೊಡ್ಡ ಪೀಕಲಾಟವಾಯಿತು. ಮಾರುವಂತಿಲ್ಲ, ದನಕ್ಕೆ ಹಾಕುವಂತಿಲ್ಲ, ಸುಡುವಂತಿಲ್ಲ, ಹೂಳೋಣವೆಂದರೆ ಸುತ್ತಲಿನ ಮಣ್ಣೆಲ್ಲ ಪ್ರಮಾಣಿತ ಮಣ್ಣು. ಕಾರ್ಖಾನೆಯ ಅಪಾಯಕಾರಿ ತ್ಯಾಜ್ಯ ಒಯ್ಯುವವರು ಬಂದು ಹೊತ್ತೊಯ್ಯುವ ತನಕ ಅವು ವರ್ಷಗಟ್ಟಲೆ ಬೇರೆ ಕೋಣೆಯಲ್ಲಿ ಬೀಗದೊಳಗೆ ಕುಳಿತಿದ್ದವು. ಅವನ್ನು ಪ್ರತಿ ಪರೀಕ್ಷೆಯಲ್ಲೂ ಎಣಿಸಿ ಬರುವುದು ಕೌಲಗಿಯವರ ಪಾಲಿಗೆ ಬಂತು.

ಮರುವರ್ಷ ಭೂಸಾಕ್ಷಿಯ ಪರೀಕ್ಷಾ ಕ್ರಮ ಬದಲಾಯಿತು. ಕಾಳು ಕೂಡಿಡುವ ಜಾಗವನ್ನು, ಅದು ಅಡುಗೆಮನೆಯಾದರೂ ಸರಿ, ಕಣ್ಣಾರೆ ನೋಡಬೇಕು. ಅದನ್ನು ನೋಡಿಕೊಳ್ಳುವ ಹೆಂಗಸಿನೊಡನೆ ನೇರವಾಗಿ ಮಾತಾಡಬೇಕು. ಪುಣೆಯ ಬೇರೆ ಸಂಸ್ಥೆಗಳ ಗೆಳೆಯರೂ ಇದನ್ನು ಕೇಳಿ ತಮ್ಮಲ್ಲಿ ಅಳವಡಿಸಿಕೊಂಡರು. ಗುಂಪು ಪ್ರಮಾಣೀಕರಣದ ಕಟ್ಟಳೆಗಳ ಕುರಿತು ದಿಲ್ಲಿಯಲ್ಲಿ ನಡೆದ ಚರ್ಚೆಗೆ ಕೌಲಗಿಯವರನ್ನೂ ಕರೆದಿದ್ದರು. ಅಲ್ಲಿ ಅವರು ಕೆಂಪು ದಾರದ ಕತೆ ಹೇಳಿ, ಹೊಲದ ನಿಯಮ ಮನೆಯೊಳಗೆ ಬರದಿದ್ದರೆ ಅರ್ಧ ನಿಯಮವಾಗುತ್ತದೆ ಎಂದರಂತೆ. ಆ ಮಾತು ಕಟ್ಟಳೆಯ ಯಾವ ಸಾಲಿನಲ್ಲಿ ಎಷ್ಟು ಇಳಿಯಿತೆಂದು ಹೇಳಬಲ್ಲವರು ಯಾರೂ ಇಲ್ಲ, ಅವರಂತೂ ಹೇಳುವುದಿಲ್ಲ.

ಅವರಿಗೆ ಇದರಿಂದ ಸಮಾಧಾನವಾಯಿತೆಂದು ಬರೆದರೆ ಸುಳ್ಳಾದೀತು. ಪ್ರಶ್ನೆ ನಿಯಮವಾದ ಮೇಲೆ ಪರೀಕ್ಷಕರು ಬರುವ ಸುದ್ದಿ ಸಿಕ್ಕೊಡನೆ ಹೆಂಗಸರು ಗುಳಿಗೆ ಬಚ್ಚಿಡತೊಡಗಿದರು. "ಕೇಳದಿದ್ದಾಗ ಬಚ್ಚಿಡ್ತಿದ್ದಿಲ್ಲ, ಕೇಳಾಕ ಹತ್ತಿದಮ್ಯಾಲ ಬಚ್ಚಿಡ್ತಾರ. ಮುಂದಕ್ಕ ಹೋದೆವೋ ಹಿಂದಕ್ಕ ಬಂದೆವೋ ತಿಳೀವಲ್ದು" ಎಂದು ಅವರು ತಲೆ ಕೆರೆದುಕೊಂಡದ್ದುಂಟು. ಗುಳಿಗೆ ಬಿಟ್ಟು ಏನು ಹಾಕಬೇಕೆಂದು ಹೇಳಿಕೊಡುವಂತೆಯೂ ಇರಲಿಲ್ಲ. ಪ್ರಮಾಣಪತ್ರ ಕೊಡುವವರು ಸಲಹೆ ಕೊಡಬಾರದು ಎಂಬುದೂ ಒಂದು ನಿಯಮ. ಅವರು ಆ ನಿಯಮವನ್ನೂ ಮುರಿಯಲಿಲ್ಲ. ಅಡುಗೆಮನೆಯಲ್ಲಿ ಮಣೆಯ ಮೇಲೆ ಕುಳಿತು, ಗುಳಿಗೆಯ ಸುದ್ದಿಯನ್ನೇ ಎತ್ತದೆ, "ಗುಳಿಗಿ ಬರೂಕಿಂತ ಮೊದಲ ನಿಮ್ಮ ಅಜ್ಜಿ ಕಾಳು ಹೆಂಗ ಇಡ್ತಿದ್ಲುಬೇ?" ಎಂದು ಕೇಳುತ್ತಿದ್ದರು. ಕೇಳಿ ಸುಮ್ಮನಿರುತ್ತಿದ್ದರು. ಚೈತ್ರದ ಬಿಸಿಲಿಗೆ ಒಣಗಿಸುವುದು, ಬೇವಿನೆಲೆ, ಬೂದಿಯ ಪದರು: ಹೇಳುತ್ತ ಹೇಳುತ್ತ ಆ ಹೆಂಗಸರಿಗೇ ಮರೆತದ್ದು ನೆನಪಾಗುತ್ತಿತ್ತು. ಸಲಹೆ ಕೊಡದೆ ಇಷ್ಟು ಕಲಿಸಿದವರನ್ನು ನಾನು ಬೇರೆ ಕಂಡಿಲ್ಲ. ನನ್ನ ಮನೆಯ ಗಂಟು ಹೋದದ್ದೂ ಹಾಗೆಯೇ. ಅವರು ನನ್ನನ್ನು ಏನೂ ಅನ್ನಲಿಲ್ಲ. ನನ್ನ ಅಜ್ಜಿಯ ಕುರಿತು ಕೇಳಿದರು, ಅಷ್ಟೆ.

ಹೊಸ್ತಿಲು ದಾಟಿದರೂ ಅವರು ಯಾವ ಅಡುಗೆಮನೆಯಲ್ಲೂ ಉಣ್ಣಲಿಲ್ಲ. ಈ ಕಷ್ಟ ಮೊದಲಿಗಿಂತ ದೊಡ್ಡದಾಗಿತ್ತೆಂದು ಬೇರೆ ಹೇಳಬೇಕಿಲ್ಲ.

ಈಗ್ಗೆ ಕೆಲವು ತಿಂಗಳ ಹಿಂದೆ, ಸಂಸ್ಥೆಯ ಗುರುತಿನ ಚೀಟಿಯನ್ನು ಮರಳಿಸಿದ ಮರುದಿನ, ಕೌಲಗಿಯವರು ಭುವನೇಶ್ವರಿಯವರನ್ನು ಕರೆದುಕೊಂಡು ರಾಂಜಣಗಾಂವದ ಗಣಪತಿಯ ದರ್ಶನಕ್ಕೆ ಹೋದರು. ಅಲ್ಲಿಂದ ಗೋದಾಮಿಗೆ ಹೋದರು. ಭೀಮವ್ವನಿಗೆ ಈಗ ವಯಸ್ಸಾಗಿದೆ, ಕಣ್ಣು ಮಂಜು. ದನಿ ಕೇಳಿ ಗುರುತು ಹಿಡಿದು, ರೂಢಿಯಂತೆ ನೀರಿನ ತಂಬಿಗೆ ತಂದಳು.

"ನೀರಷ್ಟ ಸಾಲೂದಿಲ್ಲಬೇ ಇವತ್ತ. ನೌಕರಿ ಮುಗೀತು, ರೊಟ್ಟಿ ಬಡಿ" ಎಂದರು ಕೌಲಗಿಯವರು.

ಒಲೆಯ ಮುಂದೆ ಇಬ್ಬರಿಗೂ ಮಣೆ ಬಿತ್ತು. ಭೀಮವ್ವ ಹಿಟ್ಟು ನಾದಿ ತಟ್ಟತೊಡಗಿದಳು. ಮೂಲೆಯಲ್ಲಿ ಜೋಳದ ಡಬ್ಬಿ ಇತ್ತು. ಹದಿನಾಲ್ಕು ವರ್ಷದ ಅಭ್ಯಾಸ; ಕೂತಲ್ಲಿಂದಲೇ ಕೌಲಗಿಯವರ ಕೈ ತಾನಾಗಿ ಮುಚ್ಚಳದ ಕಡೆ ಹೋಯಿತು. ಭೀಮವ್ವ ಹಿಟ್ಟಿನ ಕೈಯನ್ನೇ ಮುಚ್ಚಳದ ಮೇಲಿಟ್ಟಳು.

"ನೌಕರಿ ಮುಗೀತಂದೆಲ್ಲೋ? ಸಾಹೇಬ ಆಗಿ ಬಂದಿದ್ರ ನೋಡು, ತಮ್ಮ ಆಗಿ ಬಂದಿದ್ರ ಉಣ್ಣು. ಎರಡೂ ಆಗೂದಿಲ್ಲ."

ಅವರು ಕೈ ಹಿಂದಕ್ಕೆ ತೆಗೆದುಕೊಂಡು ಉಂಡರು. ಮೂರು ರೊಟ್ಟಿ ಉಂಡರೆಂದು ಭುವನೇಶ್ವರಿಯವರು ಹೇಳುತ್ತಾರೆ. ಆ ಡಬ್ಬಿಯಲ್ಲಿ ಬೇವಿನೆಲೆ ಇತ್ತೋ, ಬೂದಿ ಇತ್ತೋ, ಬೇರೇನಿತ್ತೋ ಎಂದು ನಾವು ಕೇಳಿದಾಗ ಕೌಲಗಿಯವರು ನಕ್ಕು, ತಮ್ಮ ಹಳೆಯ ಮಾತನ್ನೇ ಹೇಳಿದರು.

ತಿಳಿಯದೆ ಇರುವುದಕ್ಕೆ ನಾಚದ ಈ ಹಿರಿಯರಿಗೆ ಭುವನೇಶ್ವರಿಯವರೊಡನೆ ನೂರು ವರ್ಷದ ಆಯುಷ್ಯವೂ, ಕರೆದ ಮನೆಯಲ್ಲೆಲ್ಲ ಕುಳಿತು ಉಣ್ಣುವಷ್ಟು ಹಸಿವೂ ಇರಲಿ. ಇಷ್ಟು ವರ್ಷ ಬೇಡವೆಂದು ಬಂದ ತಾಟುಗಳೆಲ್ಲ ಪುಣೆಯ ಸುತ್ತಲಿನ ಅಡುಗೆಮನೆಗಳಲ್ಲಿ ಅವರಿಗಾಗಿ ಕಾದಿವೆ. ನಡುನಡುವೆ ಬಿಡುವು ಮಾಡಿಕೊಂಡು, ಚೀಟಿಯಿಲ್ಲದ ಪರೀಕ್ಷಕರಾಗಿ, ನಮ್ಮ ಅಜ್ಜಿಯರ ಕುರಿತು ಅವರು ಹೀಗೇ ಕೇಳುತ್ತಿರಲಿ.